ನನ್ನ ಹೆಸರಿನವಳು

ಮೀನು ಅಲುಗಾಡುತ್ತಿಲ್ಲ, ಅಯ್ಯೋ ಅದು ಮೀನೇ ಅಲ್ಲ, ಗಾಜಿನ ತೊಟ್ಟಿಯ ಹಿಂದೆ ಮೀನಿನ ಸ್ಟಿಕ್ಕರ್ ಅಂಟಿಸಿದ್ದಾರೆ, ನೀರು ನಿಜದ್ದು, ಗುಳ್ಳೆ ನಿಜದ್ದು, ಗುಳುಗುಳು ಅನ್ನುವ ಮೋಟರೂ ನಿಜದ್ದು, ಮೀನು ಮಾತ್ರ ಸುಳ್ಳು, ಬೇರೆ ದಿನವಾಗಿದ್ದರೆ ಬಿದ್ದು ಬಿದ್ದು ನಗುತ್ತಿದ್ದೆ, ಫೋಟೋ ತೆಗೆದು ಕ್ಲಾಸ್ ಗ್ರೂಪಿಗೆ ಹಾಕಿ ಎಲ್ಲರ ತಲೆ ತಿನ್ನುತ್ತಿದ್ದೆ, ಇವತ್ತು ಫೋನು ತೊಡೆಯ ಮೇಲೆ ಸುಮ್ಮನೆ ಬಿದ್ದಿದೆ, ಮಾಸ್ಕಿನೊಳಗೆ ನನ್ನದೇ ಉಸಿರು ಬಿಸಿಬಿಸಿಯಾಗಿ ಮುಖಕ್ಕೆ ಹೊಡೆಯುತ್ತಿದೆ — ಕೈಯಲ್ಲಿ ಟೋಕನ್, ಹದಿನೇಳು, ಬೆವರಿಗೆ ಅಂಟಿಕೊಂಡಿದೆ, ಗೋಡೆಯ ಮೇಲೆ ಕೆಂಪು ಅಂಕಿ ಹದಿನೈದು, ಇನ್ನೊಬ್ಬರಾದ ಮೇಲೆ ನಾನು, ಎದ್ದು ಹೋಗಿಬಿಡಲಾ, ಈಗಲೂ ಹೋಗಬಹುದು, ಬಾಗಿಲು ಎಂಟು ಹೆಜ್ಜೆ, ಕಣ್ಣಲ್ಲೇ ಅಳೆದಿದ್ದೇನೆ, ಪುಟ್ಟ ಲ್ಯಾಬ್ ಇದು, ಕೆಳಗೆ ಟೈರ್ ಅಂಗಡಿ, ಮೇಲೆ ಟ್ಯೂಷನ್, ನಡುವೆ ರಕ್ತ ಪರೀಕ್ಷೆ, ಮೂರು ಬಸ್ಸು ಬದಲಾಯಿಸಿ ಬಂದಿದ್ದೇನೆ, ಹುಟ್ಟಿದಾಗಿನಿಂದ ಈ ರಸ್ತೆಗೆ ಕಾಲಿಟ್ಟವಳಲ್ಲ, ಆದರೂ ನೋಂದಣಿ ಕಚೇರಿಯ ಕಂಪ್ಯೂಟರಿನ ಪ್ರಕಾರ ನಾನು ನಾಲ್ಕು ತಿಂಗಳಿಂದ ಇಲ್ಲೇ ಕೆಲಸ ಮಾಡುತ್ತಿದ್ದೇನೆ, ದಿನಾ ಬೆಳಿಗ್ಗೆ ಬಂದು ಬಿಳಿ ಕೋಟು ಹಾಕಿಕೊಂಡು ಜನರ ರಕ್ತ ತೆಗೆಯುತ್ತಿದ್ದೇನೆ — ಹೆಸ್ರು ಹೇಳಿ ಅಂದಿದ್ದಳು ಕೌಂಟರಿನವಳು, ತಲೆ ಎತ್ತದೆ, ನನಗೆ ಹೆಸರು ಬಾಯಿಗೆ ಬರಲಿಲ್ಲ, ನಿಜವಾಗಲೂ ಬರಲಿಲ್ಲ, ನಿದ್ದೆಯಲ್ಲಿ ಕೇಳಿದರೂ ಹೇಳುವ ಹೆಸರು, ಹೇಳಿದರೆ ಇವಳು ಅಯ್ಯೋ ನಮ್ಮ ಮೇಡಮ್ಮಿಂದೂ ಅದೇ ಹೆಸ್ರು ಅಂತ ಕೂಗುತ್ತಾಳೆ, ಒಳಗಿರುವವಳಿಗೆ ಕೇಳಿಸುತ್ತದೆ, ಕೇಳಿಸಿದರೆ ಹಿಂಬಾಗಿಲಿಂದ ಓಡುತ್ತಾಳೆ, ಓಡದೆ ನನ್ನ ಹತ್ತಿರವೇ ಬಂದರೆ ಇನ್ನೂ ಕಷ್ಟ, ಹೆಸ್ರು ಮೇಡಂ, ಹಿಂದೆ ಜನ ಇದಾರೆ, ನಾನು ತಂಗಿಯ ಹೆಸರು ಹೇಳಿಬಿಟ್ಟೆ, ಪಟ್ ಅಂತ, ವಯಸ್ಸು ಅಂದಳು, ತಂಗಿಯ ವಯಸ್ಸೇ ಹೇಳಿದೆ, ಹದಿನೆಂಟು, ಯಾವ ಟೆಸ್ಟು, ಹಿಮೋಗ್ಲೋಬಿನ್, ಟಪಟಪ ಕುಟ್ಟಿಕೊಂಡಳು, ಒಂದು ಕಾಗದ ಕೇಳಲಿಲ್ಲ, ಮುಖ ನೋಡಲಿಲ್ಲ, ಇಷ್ಟು ಸುಲಭವಾ, ಅಂದರೆ ಯಾರು ಬೇಕಾದರೂ ಇನ್ನೊಬ್ಬರಾಗಿಬಿಡಬಹುದಾ, ಇಪ್ಪತ್ತೊಂದು ವರ್ಷದಿಂದ ಇದು ನನಗೆ ಗೊತ್ತೇ ಇರಲಿಲ್ಲ.

ಬೆಳಿಗ್ಗೆ ಎಷ್ಟು ಕುಣಿದುಕೊಂಡು ಹೋಗಿದ್ದೆ ಆ ಕಚೇರಿಗೆ, ಲ್ಯಾಬ್ ಟೆಕ್ನಿಷಿಯನ್ ಡಿಪ್ಲೊಮಾ ಮುಗಿದು ವರ್ಷವಾಯಿತು, ನೋಂದಣಿ ಮಾಡಿಸು ಮಾಡಿಸು ಅಂತ ಅಪ್ಪ ಬಡಕೊಂಡರೂ ನಾಳೆ ನಾಡಿದ್ದು ಅಂತ ತಳ್ಳುತ್ತಲೇ ಬಂದೆ, ಈಗ ಡಿಗ್ರಿಯ ಕೊನೆಯ ವರ್ಷ, ದೊಡ್ಡ ಆಸ್ಪತ್ರೆಯಲ್ಲಿ ತರಬೇತಿಗೆ ಸೀಟು ಸಿಕ್ಕಿದೆ, ಇಡೀ ಕ್ಲಾಸಿನಲ್ಲಿ ನನಗೊಬ್ಬಳಿಗೇ, ನೋಂದಣಿ ನಂಬರ್ ತೋರಿಸಿದರೆ ಮಾತ್ರ ಒಳಗೆ ಬಿಡುತ್ತಾರೆ, ಕಿಟಕಿಯಾಚೆಯ ಗುಮಾಸ್ತ ಹಲ್ಲುಕಡ್ಡಿ ಕಚ್ಚಿಕೊಂಡೇ ಟೈಪ್ ಮಾಡಿದ, ನಿಲ್ಲಿಸಿದ, ಮತ್ತೆ ಟೈಪ್ ಮಾಡಿದ, ನಿಮ್ದಾಗ್ಲೇ ಆಗಿದ್ಯಲ್ಲಮ್ಮ, ಏನು ಸಾರ್, ನೋಂದಣಿ, ನಾಲ್ಕು ತಿಂಗ್ಳಾಯ್ತು, ಕೆಲಸಾನೂ ಮಾಡ್ತಿದೀರ, ಮರ್ತುಹೋಯ್ತಾ, ನಾನು ಕಿಲಕಿಲ ನಕ್ಕೆ, ಸಾರ್ ನಾನು ಮರೆವಿನವಳೇ, ಆದ್ರೆ ಕೆಲಸಕ್ಕೆ ಹೋಗೋದನ್ನ ಮರೆಯೋಷ್ಟಲ್ಲ, ಅವನು ಪರದೆಯನ್ನು ನನ್ನ ಕಡೆ ತಿರುಗಿಸಿದ, ನನ್ನ ಹೆಸರು, ಅಪ್ಪನ ಹೆಸರು, ಹುಟ್ಟಿದ ದಿನ, ಡಿಪ್ಲೊಮಾದ ಅಂಕಪಟ್ಟಿ, ಕೆಳಗೆ ನನ್ನ ಸಹಿ, ಕೊನೆಯಕ್ಷರದ ಬಾಲಕ್ಕೆ ಸುತ್ತುವ ಸುರುಳಿ ಸಮೇತ, ಎಂಟನೇ ಕ್ಲಾಸಿನಲ್ಲಿ ಮುಂದೆ ಸಿನಿಮಾ ತಾರೆಯಾದರೆ ಬೇಕಾಗುತ್ತದೆ ಅಂತ ನೋಟ್‌ಬುಕ್ಕಿನ ತುಂಬ ಅಭ್ಯಾಸ ಮಾಡಿದ ಸಹಿ, ಎಲ್ಲ ನನ್ನದೇ, ಫೋಟೋ ಮಾತ್ರ — ಫೋಟೋದಲ್ಲಿ ಯಾರೋ ಹೆಂಗಸು, ಅಗಲ ಮುಖ, ಎಣ್ಣೆ ಹಾಕಿ ಬಾಚಿದ ತಲೆ, ಬಾಯಿ ಬಿಗಿದುಕೊಂಡು ನನ್ನನ್ನೇ ನೋಡುತ್ತಿದ್ದಾಳೆ, ಸಾರ್ ಇದು ನಾನಲ್ಲ, ಫೋಟೋದಲ್ಲಿ ಎಲ್ರೂ ಹಂಗೇ ಕಾಣೋದಮ್ಮ, ಸ್ವಲ್ಪ ದಪ್ಪ ಬಂದಿದೀರ ಅಷ್ಟೆ, ಆಮೇಲೆ ನನ್ನ ಮುಖ ನೋಡಿದ, ಪರದೆ ನೋಡಿದ, ಹಲ್ಲುಕಡ್ಡಿಯನ್ನು ಬಾಯಿಂದ ತೆಗೆದು ಮೇಜಿನ ಮೇಲಿಟ್ಟ, ಇಲ್ಲೊಂದು ದೂರೂ ಇದೆ ನಿಮ್ಮ ಮೇಲೆ ಅಂದ, ನನ್ನ ಮೇಲಾ, ಈ ಹೆಸ್ರಿನ ಮೇಲೆ, ಆರು ವರ್ಷದ ಮಗುವಂತೆ, ರಕ್ತ ತೆಗೆಯುವಾಗ ಸೂಜಿ ಎಲ್ಲೋ ತಗುಲಿ ಎರಡು ಬೆರಳು ಮಡಚಲು ಬರುತ್ತಿಲ್ಲವಂತೆ, ಪೆನ್ಸಿಲ್ ಹಿಡಿಯಲಾಗುತ್ತಿಲ್ಲವಂತೆ, ಸೋಮವಾರ ವಿಚಾರಣೆ, ತಪ್ಪು ಅಂತಾದ್ರೆ ನಂಬರ್ ರದ್ದು, ರದ್ದಾದ್ರೆ ಆ ಹೆಸ್ರಿಗೆ ಜನ್ಮದಲ್ಲಿ ಇನ್ನೊಂದು ಕೊಡಲ್ಲ ತಾಯಿ, ಸಾರ್ ಆದ್ರೆ ನಾನು ನಾನೇ ಸಾರ್, ಅಸಲಿ ಕಾಗದ ನೋಡಿ, ಅವ್ರ ಫೈಲಲ್ಲೂ ಎಲ್ಲ ಇದೆಯಲ್ಲಮ್ಮ, ಮೊದ್ಲು ಬಂದಿರೋರು ಅವ್ರು, ನೀವೇ ಅವ್ರ ಹೆಸ್ರು ಹಾಕ್ಕೊಂಡು ಬಂದಿಲ್ಲ ಅಂತ ನಾನ್ ಹೆಂಗೆ ನಂಬ್ಲಿ, ಸಾಲಿನಲ್ಲಿ ನನ್ನ ಹಿಂದಿದ್ದವರು ಒಂದು ಹೆಜ್ಜೆ ಸರಿದರು, ತಿರುಗಿ ನೋಡದೆಯೇ ಬೆನ್ನಿಗೆ ಗೊತ್ತಾಯಿತು, ಬರೆದು ಕೊಡಿ ಅಂದ, ಬರೆದೆ, ಸಹಿ ಹಾಕಿ ಅಂದ, ಹಾಕಿದೆ, ಎರಡು ಸಹಿಯನ್ನೂ ಅಕ್ಕಪಕ್ಕ ಇಟ್ಟು ನೋಡಿದ, ಎರಡಕ್ಕೂ ಅದೇ ಸುರುಳಿ, ತಲೆ ಕೆರೆದುಕೊಂಡ, ಆಯಮ್ಮನ್ನ ಕರ್ಕೊಂಡ್ ಬನ್ನಿ, ಇಬ್ರನ್ನೂ ನಿಲ್ಸಿ ನೋಡೋಣ ಅಂತ ತಮಾಷೆ ಮಾಡಿ, ಮುಂದಿನೋರು ಬನ್ನಿ ಅಂದ, ಪರದೆಯಲ್ಲಿ ಈ ಲ್ಯಾಬಿನ ವಿಳಾಸವಿತ್ತು, ಅವನು ಪರದೆ ತಿರುಗಿಸುವಷ್ಟರಲ್ಲಿ ಓದಿಕೊಂಡೆ.

ಕಚೇರಿಯ ಮೆಟ್ಟಿಲ ಮೇಲೆ ಕೂತು ಮೊದಲು ಫೋನ್ ಮಾಡಿದ್ದು ಜೆರಾಕ್ಸ್ ಅಣ್ಣನಿಗೆ, ಕಾಲೇಜಿನ ಎದುರು ಅವನ ಗೂಡಂಗಡಿ, ಒಬ್ಬರು ಒಳಗೆ ನಿಂತರೆ ಇನ್ನೊಬ್ಬರು ಬಿಸಿಲಲ್ಲಿ, ನಮ್ಮ ಮೂರು ಬ್ಯಾಚಿನ ಹಣೆಬರಹವೆಲ್ಲ ಅವನ ಕಂಪ್ಯೂಟರಿನಲ್ಲಿದೆ, ವರ್ಷಕ್ಕೆ ಹತ್ತು ಅರ್ಜಿ, ಪ್ರತಿ ಅರ್ಜಿಗೂ ಅದೇ ಕಾಗದ, ಪ್ರತಿ ಸಲ ಸ್ಕ್ಯಾನ್ ಮಾಡುವ ರಗಳೆ ಯಾರಿಗೆ ಬೇಕು ಅಂತ ಒಬ್ಬೊಬ್ಬರಿಗೂ ಒಂದೊಂದು ಫೋಲ್ಡರ್ ಮಾಡಿಟ್ಟಿದ್ದಾನೆ, ಅಣ್ಣಾ ನನ್ನ ಫೋಲ್ಡರ್ ತೆಗೀರಿ ಅಂದರೆ ಸಾಕು, ಅಂಕಪಟ್ಟಿ, ಗುರುತಿನ ಚೀಟಿ, ಸಹಿ, ಫೋಟೋ, ಎಲ್ಲ ಟಕಟಕ, ನನ್ನ ಫೋಲ್ಡರಿಗೆ ಬುಗುರಿ ಅಂತ ಹೆಸರು, ಕ್ಲಾಸಿನಲ್ಲಿ ಎಲ್ಲರೂ ಕರೆಯುವುದು ಹಾಗೇ, ಒಂದು ಕಡೆ ನಿಲ್ಲುವುದಿಲ್ಲವಲ್ಲ ನಾನು — ಅಣ್ಣಾ ನನ್ನ ಕಾಗದ ಯಾರಿಗಾದ್ರೂ ಕೊಟ್ಟಿದ್ರಾ, ಯಾರಿಗ್ಯಾಕೆ ಕೊಡ್ಲಿ ಬುಗುರಿ, ಯೋಚ್ನೆ ಮಾಡಿ ಅಣ್ಣಾ, ಹಿಂದೆ ಮಷೀನು ಗರಗರ ಅನ್ನುತ್ತಿತ್ತು, ಆಂ, ಮಾದರಿಗೆ ಅಂತ ಒಬ್ರಿಗೆ ಕೊಟ್ಟಿದ್ದೆ ಅಷ್ಟೆ, ನೀನೇ ಹೇಳಿದ್ಯಲ್ಲ, ಹೌದು, ನಾನೇ ಹೇಳಿದ್ದೆ, ನಿನ್ನ ಅರ್ಜಿ ನೋಡು ಎಷ್ಟು ನೀಟಾಗಿದೆ, ಒಂದು ಕಾಟು ಇಲ್ಲ, ತುಂಬೋಕೆ ಬರ್ದೇ ಇರೋರಿಗೆ ಇದನ್ನೇ ತೋರಿಸ್ತೀನಿ ಅಂತ ಅವನು ಹೊಗಳಿದಾಗ ನಾನು ಪೂರಿಯ ಹಾಗೆ ಉಬ್ಬಿ, ತೋರ್ಸಿ ಅಣ್ಣಾ ತೋರ್ಸಿ, ಕೆಳಗೆ ನನ್ನ ಆಟೋಗ್ರಾಫೂ ಇದೆ ಅಂದಿದ್ದೆ, ಪಕ್ಕದಲ್ಲಿದ್ದವರೆಲ್ಲ ನಕ್ಕಿದ್ದರು, ಅವತ್ತು ಮಧ್ಯಾಹ್ನ ಎಷ್ಟು ಖುಷಿಯಾಗಿದ್ದೆ — ಒಬ್ಳು ಅಕ್ಕ ಬಂದಿದ್ಲು ಕಣೇ, ಪಾಪ, ಇಲ್ಲಿ ಎಲ್ರ ಮುಂದೆ ತುಂಬೋಕೆ ಕೈ ನಡುಗುತ್ತೆ, ಮನೇಲಿ ಕೂತು ನೋಡ್ಕೊಂಡು ತುಂಬ್ತೀನಿ ಅಂದ್ಲು, ಪೂರ್ತಿ ಸೆಟ್ಟು ಅವ್ಳ ಪೆನ್‌ಡ್ರೈವಿಗೇ ಹಾಕ್ಕೊಟ್ಟೆ, ಯಾಕೆ ಏನಾಯ್ತು, ಏನಿಲ್ಲ ಅಣ್ಣಾ ಅಂತ ಇಟ್ಟುಬಿಟ್ಟೆ, ಏನು ಹೇಳಲಿ ಅವನಿಗೆ, ಅಳಿಸಿಹಾಕಿ ಅಣ್ಣಾ ಅನ್ನಬೇಕಿತ್ತು, ಅದೂ ಬಾಯಿಗೆ ಬರಲಿಲ್ಲ, ಅಪ್ಪನ ಪಟ್ಟೆ ನೆನಪಾಗುತ್ತಿತ್ತು, ಪಾರ್ಸೆಲ್ ಆಫೀಸಿನ ಕೌಂಟರಿನಲ್ಲಿ ಇಪ್ಪತ್ತೆರಡು ವರ್ಷ ಕೂತ ಅಪ್ಪ ಯಾರಿಗೆ ಯಾವ ಕಾಪಿ ಕೊಟ್ಟರೂ ಮೊದಲು ಸ್ಕೇಲು ಇಟ್ಟು ಎರಡು ಓರೆ ಗೆರೆ ಎಳೆಯುತ್ತಾರೆ, ನಡುವೆ ಬರೆಯುತ್ತಾರೆ, ಗ್ಯಾಸ್ ಸಂಪರ್ಕಕ್ಕೆ ಮಾತ್ರ, ಇಂಥ ತಾರೀಕು, ಆಮೇಲೆ ಅದು ಬೇರೆ ಯಾವ ಕೆಲಸಕ್ಕೂ ಬರಲ್ಲ ಕಣೋ ಪುಟ್ಟಾ, ನಿಂದೂ ಕೊಡು ಎಳ್ದುಕೊಡ್ತೀನಿ, ಅಪ್ಪಾ ಪ್ಲೀಸ್, ಅಂಕಪಟ್ಟಿ ಮೇಲೆ ರಸ್ತೆ ಎಳೀಬೇಡಿ, ಜನ ನಗ್ತಾರೆ, ನಗ್ಲಿ ಬಿಡು, ನಗೋರು ಬಂದು ನಿನ್ನ ಸಹಿ ಕಾಯ್ತಾರಾ, ನಾನು ತಂಗಿ ಇಬ್ಬರೂ ಅಪ್ಪನ ಹಾಗೆ ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು ಗೋಡೆಗೆ ಪಟ್ಟೆ, ಬಾಗಿಲಿಗೆ ಪಟ್ಟೆ, ಕುಳಿತುಕೊಳ್ಳಲು ಮಾತ್ರ ಅಂತ ಕುರ್ಚಿಗೆ ಪಟ್ಟೆ ಎಳೆದು ಅಣಕಿಸುತ್ತಿದ್ದೆವು, ಅಪ್ಪನೂ ನಗುತ್ತಿದ್ದರು, ಈಗ ಫೋನು ತೊಡೆಯ ಮೇಲೆ ಗುಂಯ್ ಅನ್ನುತ್ತಿದೆ, ಅಪ್ಪ, ಮೂರನೇ ಸಲ, ಎತ್ತಿದರೆ ಮೊದಲ ಪ್ರಶ್ನೆ ನಂಬರ್ ಸಿಕ್ತಾ, ಎರಡನೆಯದು ಏನೂ ಇರುವುದಿಲ್ಲ, ನನ್ನ ಉಸಿರು ಕೇಳಿಯೇ ಅವರಿಗೆ ಗೊತ್ತಾಗಿಬಿಡುತ್ತದೆ, ಎತ್ತಲಿಲ್ಲ, ತಂಗಿಯ ಮೆಸೇಜು, ಅಕ್ಕಾ ಸಿಕ್ತಾ, ಪಾರ್ಟಿ ಪಾರ್ಟಿ, ಹಲ್ಲು ಕಿರಿಯುವ ನಾಲ್ಕು ಮುಖ.

ಅಂಕಿ ಹದಿನಾರಾಯಿತು, ಟಿಂಗ್ ಅಂತು, ಒಬ್ಬ ಗಂಡಸು ತೋಳು ಮಡಚುತ್ತಾ ಒಳಗೆ ಹೋದ, ಪಕ್ಕದ ಕುರ್ಚಿಯ ಅಜ್ಜಿ ನನ್ನ ಮೊಣಕೈ ತಿವಿದು, ಹೆದ್ರಿಕೆನಾ ಮಗಾ ಅಂದರು, ಹೂಂ ಅಜ್ಜಿ, ಅಯ್ಯೋ ಹೆದರ್ಬೇಡ, ಒಳಗಿರೋಳ ಕೈ ಹೂವಿನ ಹಂಗೆ, ನಾನು ತಿಂಗಳಿಗೆ ಎರಡು ಸಲ ಬರ್ತೀನಿ, ಸಕ್ಕರೆ ಕಾಯಿಲೆ, ಮೊದ್ಲಿದ್ದೋನು ನನ್ನ ಕೈನ ಜರಡಿ ಮಾಡಿದ್ದ, ಇವಳು ಬಂದ್ಮೇಲೆ ಚುಚ್ಚಿದ್ದೇ ಗೊತ್ತಾಗಲ್ಲ, ಅಂತ ಹೇಳಿ ಅವಳ ಹೆಸರು ಹೇಳಿದರು, ನನ್ನ ಹೆಸರು, ಹಲ್ಲಿಲ್ಲದ ಬಾಯಲ್ಲಿ, ಎಷ್ಟು ಅಕ್ಕರೆಯಿಂದ, ನಮ್ಮಮ್ಮ ಕೂಡ ಅಷ್ಟು ಅಕ್ಕರೆಯಿಂದ ಕರೆಯುವುದು ನನಗೆ ಜ್ವರ ಬಂದಾಗ ಮಾತ್ರ, ಕರೆದ ಕೂಡಲೇ ನನ್ನ ಕುತ್ತಿಗೆ ತಾನಾಗಿಯೇ ಅಜ್ಜಿಯ ಕಡೆ ತಿರುಗಿತು, ಓ ಅಂದುಬಿಡುತ್ತಿದ್ದೆ, ತುಟಿ ಕಚ್ಚಿಕೊಂಡೆ, ಒಳ್ಳೆ ಹೆಸ್ರು ಅಲ್ವಾ ಅಂದರು, ಒಳ್ಳೆ ಹೆಸ್ರು ಅಜ್ಜಿ, ನಿಂದೇನು ಹೆಸ್ರು, ತಂಗಿಯ ಹೆಸರು ಹೇಳಿದೆ, ಎರಡನೇ ಸಲ ಇನ್ನೂ ಸುಲಭ, ಮೂರನೇ ಸಲಕ್ಕೆ ಅದು ನನ್ನದೇ ಆಗಿಬಿಡುತ್ತದೇನೋ, ಒಳಗಿರುವವಳಿಗೂ ಹೀಗೇ ಆಗಿರಬೇಕು, ಮೊದಲ ದಿನ ಯಾರಾದರೂ ಕರೆದಾಗ ಸುಮ್ಮನಿದ್ದು, ಎರಡನೇ ದಿನ ತಡವಾಗಿ ಓ ಅಂದು, ಈಗ ನಿದ್ದೆಯಲ್ಲಿ ಕರೆದರೂ ಏಳುತ್ತಾಳೇನೋ, ಹಾಗಾದರೆ ಸೋಮವಾರ ಅವಳೇ ನಾನು ಅಂತ ಹೇಳಿದರೆ, ಅವಳಿಗೆ ಇಲ್ಲಿ ಸಾಕ್ಷಿಗೆ ಅಜ್ಜಿ ಇದ್ದಾರೆ, ಕೌಂಟರಿನವಳಿದ್ದಾಳೆ, ಕಂಪ್ಯೂಟರಿನಲ್ಲಿ ಫೋಟೋ ಇದೆ, ನನಗೆ ಯಾರಿದ್ದಾರೆ, ಬುಗುರಿ ಅಂತ ಕರೆಯುವ ನಲವತ್ತು ಜನ — ಬ್ಯಾಡ್ಜಿನ ಫೋಟೋ ಸಿಕ್ಕರೆ ಸಾಕು, ಅದಕ್ಕೇ ಬಂದದ್ದು, ಒಂದು ಫೋಟೋ, ಅವಳ ಮುಖ, ಎದೆಯ ಮೇಲೆ ನನ್ನ ಹೆಸರು, ಎರಡೂ ಒಂದೇ ಚೌಕಟ್ಟಿನಲ್ಲಿ, ತೆಗೆದುಕೊಂಡು ಓಡಿಬಿಡುವುದು, ಬಸ್ಸಿನಲ್ಲಿ ಬರುವಾಗ ಎಷ್ಟು ಸರಳವಾಗಿ ಕಂಡಿತ್ತು, ದಿನಕ್ಕೆ ತೊಂಬತ್ತು ಫೋಟೋ ತೆಗೆಯುವವಳು ನಾನು, ಈಗ ಕ್ಯಾಮೆರಾ ತೆರೆದು, ಮುಚ್ಚಿ, ಫೋನನ್ನು ಚೀಲಕ್ಕೆ ಹಾಕಿಬಿಟ್ಟೆ, ಅವಳ ಹತ್ತಿರ ನನ್ನ ಫೋಟೋ ಇದೆಯಲ್ಲ, ಈ ಯೋಚನೆ ಇಷ್ಟು ಹೊತ್ತೂ ಬರಲೇ ಇಲ್ಲವಲ್ಲ, ಫೋಲ್ಡರಿನಲ್ಲಿ ನನ್ನ ಫೋಟೋ ಇತ್ತು, ಅದನ್ನು ತೆಗೆದುಹಾಕಿಯೇ ತನ್ನದು ಅಂಟಿಸಿದ್ದಾಳೆ, ಅಂದರೆ ನನ್ನ ಮುಖ ನೋಡಿದ್ದಾಳೆ, ಬಹುಶಃ ತುಂಬ ಹೊತ್ತು ನೋಡಿದ್ದಾಳೆ, ನನ್ನ ವಿಳಾಸ ಗೊತ್ತು, ಅಪ್ಪನ ಹೆಸರು ಗೊತ್ತು, ನನಗೆ ಅವಳ ಹೆಸರೂ ಗೊತ್ತಿಲ್ಲ — ಟಿಂಗ್, ಹದಿನೇಳು, ಹೋಗು ಮಗಾ ಅಂತ ಅಜ್ಜಿ ಬೆನ್ನು ತಟ್ಟಿದರು, ಎದ್ದೆ, ಬಾಗಿಲು ಎಂಟು ಹೆಜ್ಜೆ, ಒಳಕೋಣೆಯ ಬಟ್ಟೆಯ ಪರದೆ ನಾಲ್ಕು ಹೆಜ್ಜೆ, ಕಾಲು ಪರದೆಯ ಕಡೆ ಹೋಯಿತು.

ಸ್ಪಿರಿಟ್ಟಿನ ವಾಸನೆ, ಅಗಲ ಕೈಯ ಕುರ್ಚಿ, ಟ್ರೇಯಲ್ಲಿ ಮುಚ್ಚಳದ ಬಣ್ಣದ ಪ್ರಕಾರ ಜೋಡಿಸಿದ ಟ್ಯೂಬುಗಳು, ಕೆಂಪು, ನೇರಳೆ, ಬೂದು, ನಮ್ಮ ಮೇಷ್ಟ್ರು ನೋಡಿದ್ದರೆ ಶಭಾಸ್ ಅನ್ನುತ್ತಿದ್ದರು, ಬಾಮ್ಮಾ ಕೂತ್ಕೊ ಅಂದಳು, ಬೆನ್ನು ಈ ಕಡೆ, ಕೈ ತೊಳೆಯುತ್ತಿದ್ದಾಳೆ, ಎಷ್ಟು ಹೊತ್ತು ತೊಳೆಯುತ್ತಾಳೆ, ನಾನು ಅಷ್ಟು ಹೊತ್ತು ಯಾವತ್ತೂ ತೊಳೆದಿಲ್ಲ, ತಿರುಗಿದಳು, ಅಗಲ ಮುಖ, ಅವಳೇ, ನಲವತ್ತಿರಬೇಕು, ಕಣ್ಣ ಕೆಳಗೆ ಕಪ್ಪು, ಬಿಳಿ ಕೋಟಿನ ಎಡಗಡೆ ಬ್ಯಾಡ್ಜು, ಅದರ ಮೇಲೆ ನಾನು, ಅದೇ ಕಾಗುಣಿತ, ಅಪ್ಪ ಮೂರು ದಿನ ಯೋಚಿಸಿ ಇಟ್ಟ ಹೆಸರು ಅವಳ ಉಸಿರಿನ ಜೊತೆ ಏಳುತ್ತಿದೆ, ಇಳಿಯುತ್ತಿದೆ, ಫೋನು ಚೀಲದಲ್ಲಿದೆ, ತೆಗೆಯಬೇಕು, ತೆಗೆ, ಬಲಗೈ ಅಲ್ಲಾಡಲಿಲ್ಲ, ಎಡಗೈ ಅವಳು ಹಿಡಿದಾಗಿತ್ತು, ರಬ್ಬರ್ ಪಟ್ಟಿ ಬಿಗಿಯಿತು, ಅಯ್ಯೋ ಎಷ್ಟು ತಣ್ಣಗಿದೆ ನಿನ್ನ ಕೈ, ತಿಂಡಿ ತಿಂದಿದ್ಯಾ, ಹೂಂ, ಸುಳ್ಳು ಹೇಳ್ಬೇಡ, ಮುಷ್ಟಿ ಹಿಡಿ, ಆ ಮಗುವಿಗೂ ಹೀಗೇ ಮುಷ್ಟಿ ಹಿಡಿ ಅಂದಿದ್ದಳಾ, ಇದೇ ಬೆರಳಾ, ಅವಳ ತೋರುಬೆರಳು ನನ್ನ ಮೊಣಕೈಯ ಒಳಗೆ ನರ ಹುಡುಕುತ್ತಿದೆ, ಒತ್ತಿ, ಬಿಟ್ಟು, ಒತ್ತಿ, ಪುಸ್ತಕದಲ್ಲಿ ಬರೆದ ಹಾಗೆ, ಪುಸ್ತಕ ಓದದ ಬೆರಳು, ಎಳೆದುಕೊಳ್ಳಬೇಕು ಕೈ, ಎಳೆದುಕೊ — ಎಷ್ಟು ವರ್ಷದಿಂದ ಮಾಡ್ತಿದೀರ ಅಂದೆ, ನನ್ನ ಧ್ವನಿ ಇಲಿಯದಾಗಿತ್ತು, ಹದಿನೆಂಟು ವರ್ಷ ಆಯ್ತು, ಅಂದರೆ ನನ್ನ ಹೆಸರಿಟ್ಟುಕೊಂಡವಳು ಮೂರನೇ ವಯಸ್ಸಿನಿಂದ ರಕ್ತ ತೆಗೆಯುತ್ತಿದ್ದಾಳೆ, ಅವಳಿಗೂ ಆ ಲೆಕ್ಕ ಹೊಳೆದಿರಬೇಕು, ಅಲ್ಲಲ್ಲ ಸುಮ್ನೆ ಹೇಳ್ದೆ ಅಂದಳು, ತೆಗೀತಿದ್ದಿದ್ದು ನಾನು, ಸಹಿ ಹಾಕ್ತಿದ್ದಿದ್ದು ಬೇರೆಯೋರು ಅಂತ ತನ್ನಷ್ಟಕ್ಕೆ ಏನೋ ಅಂದುಕೊಂಡು, ಯಾರೂ ಅತ್ತಿಲ್ಲ ನನ್ನ ಕೈಲಿ, ಒಂದೇ ಒಂದು ಮಗು, ಅಂದಳು, ಹತ್ತಿಯನ್ನು ಬೇಕಾದ್ದಕ್ಕಿಂತ ಜಾಸ್ತಿ ಹೊತ್ತು ಉಜ್ಜಿದಳು, ಆ ಕಡೆ ನೋಡು, ಯಾಕೆ ನನ್ನನ್ನೇ ನೋಡ್ತೀಯ, ನಿನ್ನ ಎಲ್ಲೋ ನೋಡಿದ ಹಾಗಿದೆ, ನಾನು ಅಂದೆ ಇಲ್ಲ ನಾನು ಈ ಕಡೆಯವಳಲ್ಲ, ಚುಚ್ಚಿದ್ದೇ ಗೊತ್ತಾಗಲಿಲ್ಲ, ಅಜ್ಜಿ ಹೇಳಿದ್ದು ನಿಜ, ನೇರಳೆ ಮುಚ್ಚಳದ ಟ್ಯೂಬಿನಲ್ಲಿ ಕಪ್ಪುಗೆಂಪು ಏರುತ್ತಿದೆ, ಪಟ್ಟಿ ಸಡಿಲವಾಯಿತು, ಹತ್ತಿ ಬಂತು, ಮಡಚ್ಬೇಡ, ಒತ್ತಿ ಹಿಡ್ಕೊ, ಬೆರಳು ಆಡಿಸು ನೋಡೋಣ, ಐದೂ ಆಡಿಸು, ಆಡಿಸಿದೆ, ಅವಳು ನನ್ನ ಐದು ಬೆರಳನ್ನೂ ಒಂದೊಂದಾಗಿ ನೋಡಿದಳು, ಉಸಿರು ಬಿಟ್ಟಳು, ಈ ನೋಡುವುದನ್ನು ಅವಳು ಮೊದಲು ಮಾಡುತ್ತಿರಲಿಲ್ಲ ಅಂತ ನನಗೆ ಹೇಗೋ ಗೊತ್ತಾಯಿತು, ಟ್ಯೂಬನ್ನು ಮೆಲ್ಲಗೆ ತಲೆಕೆಳಗೆ ಮಾಡಿದಳು, ನೆಟ್ಟಗೆ ಮಾಡಿದಳು, ಎಂಟು ಸಲ, ಒಂದು ಬಿಳಿ ಲೇಬಲ್ ಅಂಟಿಸಿದಳು, ಖಾಲಿ, ಪೆನ್ನು ತೆಗೆದುಕೊಂಡಳು, ಪಕ್ಕದಲ್ಲಿ ಕೌಂಟರಿನ ಚೀಟಿ ಇದೆ, ತಂಗಿಯ ಹೆಸರಿನದು, ಅದನ್ನು ನೋಡಿ ಬರೆದುಬಿಡಬಹುದಿತ್ತು, ಬರೆಯಲಿಲ್ಲ, ಈಗ ನಿನ್ನ ಹೆಸ್ರು ನೀನೇ ಹೇಳಮ್ಮ ಅಂದಳು, ಮೊದಲ ವರ್ಷದ ಮೊದಲ ಪಾಠ, ರೋಗಿಯನ್ನು ನೀವು ಇಂಥವರಾ ಅಂತ ಕೇಳಬಾರದು, ಹೆದರಿದವರು ಎಲ್ಲದಕ್ಕೂ ಹೂಂ ಅಂದುಬಿಡುತ್ತಾರೆ, ಹೆಸರನ್ನು ಅವರ ಬಾಯಿಂದಲೇ ಹೊರಡಿಸಬೇಕು, ಆಮೇಲೆ ಅವರ ಎದುರಿಗೇ ಬರೆಯಬೇಕು, ಅವಳು ಸರಿಯಾಗಿಯೇ ಮಾಡುತ್ತಿದ್ದಾಳೆ, ನನ್ನ ಹೆಸರಿನವಳು ನನಗಿಂತ ಸರಿಯಾಗಿ ಮಾಡುತ್ತಿದ್ದಾಳೆ, ಹೇಳು, ತಂಗಿಯ ಹೆಸರು ಹೇಳಿದರೆ ಬರೆದುಕೊಳ್ಳುತ್ತಾಳೆ, ಹನ್ನೆರಡು ಹೆಜ್ಜೆ, ಟೈರ್ ಅಂಗಡಿ, ಬಸ್ಸು, ಸೋಮವಾರ, ಪೆನ್ಸಿಲ್ ಹಿಡಿಯಲಾಗದ ಮಗುವಿನ ಎರಡು ಬೆರಳು ನನ್ನ ಹೆಸರಿನ ಮೇಲೆ, ಯಾವತ್ತಿಗೂ, ಬಾಯಿ ತೆರೆದೆ, ಒಣಗಿತ್ತು, ಹೇಳಿದೆ, ನನ್ನ ಹೆಸರು ಹೇಳಿದೆ, ಮಾಸ್ಕಿನೊಳಗೇ ಉಳಿಯಿತು, ಆಂ ಅಂತ ಬಗ್ಗಿದಳು, ಮಾಸ್ಕು ಕೆಳಗೆ ಎಳೆದೆ, ಮತ್ತೆ ಹೇಳಿದೆ, ಅಪ್ಪನ ಹೆಸರು ಸೇರಿಸಿ ಹೇಳಿದೆ, ಹುಟ್ಟಿದ ದಿನವೂ ಹೇಳಿದೆ — ಅವಳು ನನ್ನ ಮುಖ ನೋಡುತ್ತಿಲ್ಲ, ಲೇಬಲ್ ನೋಡುತ್ತಿದ್ದಾಳೆ, ಪೆನ್ನಿನ ತುದಿ ಲೇಬಲ್ಲಿಗೆ ತಾಗಿಲ್ಲ, ಹೊರಗೆ ಅಜ್ಜಿ ಯಾರಿಗೋ ಏನೋ ಹೇಳಿ ನಗುತ್ತಿದ್ದಾರೆ, ಪೆನ್ನಿನ ತುದಿ ತಾಗಿಲ್ಲ, ಬರೆದರೆ ತನ್ನ ಕೈಯಾರೆ ಬರೆಯಬೇಕು, ಬರೆಯದಿದ್ದರೆ ಯಾಕೆ ಅಂತ ಹೇಳಬೇಕು, ಅವಳ ಕೈಯಲ್ಲಿ ನನ್ನ ರಕ್ತ ಇನ್ನೂ ಬೆಚ್ಚಗಿದೆ, ನಾನು ಹತ್ತಿ ಒತ್ತಿ ಹಿಡಿದೇ ಇದ್ದೇನೆ, ಲೇಬಲ್ ಬಿಳಿ, ಪೆನ್ನಿನ ತುದಿ, ಕೂದಲೆಳೆಯಷ್ಟು ಗಾಳಿ, ಬಿಳಿ ಲೇಬಲ್, ಪೆನ್ನಿನ ತುದಿ, ತಾಗಿಲ್ಲ, ಇನ್ನೂ ತಾಗಿಲ್ಲ, ಪೆನ್ನಿನ ತುದಿ